ಹನ್ನೆರಡೂವರೆ

ಲ್ಯಾಬಿನಲ್ಲಿ ಅವಳ ಹೆಸರು ಹನ್ನೆರಡೂವರೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಗಡಿಯಾರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಹನ್ನೆರಡೂವರೆಗೆ ಊಟ ಎಂದು ಗೋಡೆಯ ಮೇಲೆ ಚೀಟಿ ಅಂಟಿಸಿದ್ದರೂ ಆ ಹೊತ್ತಿಗೆ ಅವಳು ಡಬ್ಬಿಯ ಮುಚ್ಚಳ ತೆಗೆದದ್ದನ್ನು ಕಂಡವರಿಲ್ಲ. ಹೆಸರು ಬಂದದ್ದು ಅವಳ ರಕ್ತದಿಂದ.

ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಸಣ್ಣ ಲ್ಯಾಬು ಅದು. ಮುಂದಿನ ಕೋಣೆಯಲ್ಲಿ ಉದ್ದನೆಯ ಬೆಂಚು, ಒಂದು ಕೌಂಟರು, ಕೌಂಟರಿನ ಹಿಂದೆ ಇಪ್ಪತ್ತು ವರ್ಷದಿಂದ ಕೂತಿರುವ ಹಿರಿಯ ಹೆಂಗಸು. ಆಕೆಯನ್ನು ಎಲ್ಲರೂ ಕೌಂಟರಮ್ಮ ಎನ್ನುತ್ತಿದ್ದರು. ಆಕೆಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆಯ ಮಷೀನು, ಒಂದು ಫ್ರಿಜ್ಜು, ಕಿಟಕಿಯಿಲ್ಲದ ನಾಲ್ಕು ಗೋಡೆ, ಮತ್ತು ಇವಳು.

ಮಷೀನು ಎಷ್ಟೇ ಜಾಣತನದ್ದಾದರೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ದಿನಾ ಬೆಳಿಗ್ಗೆ, ಉತ್ತರ ಮೊದಲೇ ಗೊತ್ತಿರುವ ರಕ್ತವನ್ನು ಅದಕ್ಕೆ ಕುಡಿಸಿ, ಅದೇ ಉತ್ತರ ಹೇಳುತ್ತದೆಯೇ ಎಂದು ನೋಡಬೇಕು. ಅದಕ್ಕೆಂದೇ ಕಂಪನಿಯವರು ಐಸಿನ ಡಬ್ಬದಲ್ಲಿಟ್ಟು ಸಣ್ಣ ಸಣ್ಣ ಶೀಶೆ ಕಳಿಸುತ್ತಾರೆ. ಆರು ವರ್ಷದ ಹಿಂದೆ ಒಂದು ಸಲ ಶೀಶೆ ಬರುವುದು ತಡವಾಯಿತು. ಹೊರಗೆ ಬೆಂಚಿನ ತುಂಬ ಜನ. ಇವಳು ಹಿಂದೆಮುಂದೆ ನೋಡದೆ ತನ್ನ ಎಡಗೈಗೆ ರಬ್ಬರ್ ಪಟ್ಟಿ ಸುತ್ತಿ, ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು, ಬಲಗೈಯಿಂದ ತಾನೇ ಸೂಜಿ ಚುಚ್ಚಿ, ನೇರಳೆ ಮುಚ್ಚಳದ ಟ್ಯೂಬಿಗೆ ಎರಡು ಮಿಲಿ ರಕ್ತ ತೆಗೆದು ಮಷೀನಿಗೆ ಕೊಟ್ಟಳು. ಹಿಮೋಗ್ಲೋಬಿನ್ ಹನ್ನೆರಡೂವರೆ ಎಂದಿತು. ಮರುವಾರ ಶೀಶೆ ಬಂದ ಮೇಲೆ ತಾಳೆ ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮುಂದಿನ ತಿಂಗಳೂ ಹನ್ನೆರಡೂವರೆ, ಅದರ ಮುಂದಿನ ತಿಂಗಳೂ ಹನ್ನೆರಡೂವರೆ. ಆರಕ್ಕೇರದ, ಮೂರಕ್ಕಿಳಿಯದ ರಕ್ತ.

"ನೀನಿರೋವಾಗ ಶೀಶೆ ಯಾಕಮ್ಮ?" ಎಂದರು ಲ್ಯಾಬಿನ ಯಜಮಾನರು. ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವ ಡಾಕ್ಟರು ಅವರು. ಅಂದಿನಿಂದ ಶೀಶೆ ತರಿಸುವುದು ನಿಂತಿತು. ಇವಳಿಗೆ ಬೇಸರವೇನೂ ಆಗಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. ಸುತ್ತಲಿನ ಬೀದಿಗಳ ಜನರ ರಕ್ತಕ್ಕೆಲ್ಲ ತನ್ನ ರಕ್ತವೇ ಅಳತೆಗೋಲು ಎಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ ಹೇಳಿ. ದಿನಾ ಏಳೂವರೆಗೆ ಬಂದು, ಪಟ್ಟಿ ಕಚ್ಚಿ, ಎರಡು ಮಿಲಿ ತೆಗೆದು, ಅಂಕಿ ನೋಡಿ, "ಬಾಗಿಲು ತೆಗೀರಿ" ಎಂದು ಕೌಂಟರಮ್ಮನಿಗೆ ಕೂಗುತ್ತಿದ್ದಳು. ರಜೆ ಹಾಕುವ ಹಾಗೂ ಇರಲಿಲ್ಲ. ಅವಳಿಲ್ಲದ ದಿನ ಮಷೀನಿಗೆ ಅಳತೆಯಿಲ್ಲ.

ಮನೆಯಲ್ಲಿ ಗಂಡ ಮತ್ತು ಹದಿನಾರರ ಮಗಳು. ಗಂಡ ಸಿಟಿ ಬಸ್ಸಿನ ಡ್ರೈವರು; ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಸಂಜೆಯ ಪಾಳಿ. ಒಂದು ಪಾಳಿಯಲ್ಲಿ ಅವನು ಎದ್ದಾಗ ಇವಳಿಲ್ಲ, ಇವಳು ಬಂದಾಗ ಅವನಿಲ್ಲ; ಇನ್ನೊಂದರಲ್ಲಿ ಇವಳು ಬರುವ ಹೊತ್ತಿಗೆ ಅವನಿಗೆ ನಿದ್ದೆ. ಸಂಸಾರ ನಡೆಯುತ್ತಿದ್ದುದು ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿಗಳಲ್ಲಿ. 'ಗ್ಯಾಸ್ ಮುಗಿದಿದೆ.' 'ತಂದಿಟ್ಟೆ.' 'ನಲ್ಲಿ ಸೋರ್ತಿದೆ.' 'ಗೊತ್ತು.' ಬೆಳಗಿನ ಪಾಳಿಯ ವಾರ ಮಾತ್ರ ಅವಳು ಆರು ಐವತ್ತರ ಅವನ ಬಸ್ಸಿಗೇ ಹತ್ತುತ್ತಿದ್ದಳು. ಎಷ್ಟೇ ಸೀಟು ಖಾಲಿಯಿದ್ದರೂ ಅವನ ಬೆನ್ನ ಹಿಂದೆ ಕಂಬಿ ಹಿಡಿದು ನಿಲ್ಲುವಳು. ತಲೆಯ ಮೇಲೆ 'ಚಾಲಕರೊಂದಿಗೆ ಮಾತನಾಡಬಾರದು' ಎಂಬ ಬೋರ್ಡು. ಗಂಡ ಹೆಂಡತಿಯ ಕಷ್ಟಸುಖವೆಲ್ಲ ಆ ಬೋರ್ಡಿನ ಕೆಳಗೇ ನಡೆಯುತ್ತಿತ್ತು.

"ಈ ಬೋರ್ಡನ್ನ ಮದುವೆಗೆ ಮುಂಚೆನೇ ನಿಂಗೆ ತೋರಿಸ್ಬೇಕಿತ್ತು," ಎನ್ನುವನು ಅವನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ.

"ರಸ್ತೆ ನೋಡ್ಕೊಂಡು ಓಡಿಸ್ರೀ," ಎನ್ನುವಳು ಇವಳು. ಹದಿನೆಂಟು ನಿಮಿಷದ ದಾರಿ. ಹದಿನೈದು ದಿನಕ್ಕೊಮ್ಮೆ ಆರು ದಿನ ಸಿಗುವ ಈ ಹದಿನೆಂಟು ನಿಮಿಷವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆ ವರ್ಷ ಅವಳಿಗೆ ನಲವತ್ತನಾಲ್ಕು. ಬೇಸಿಗೆಯ ಹೊತ್ತಿಗೆ ಮುಟ್ಟು ಹದ ತಪ್ಪಿತು. ನಾಲ್ಕು ದಿನದ್ದು ಹತ್ತು ದಿನ, ಹನ್ನೆರಡು ದಿನ. ಕಂಬಿ ಹಿಡಿದು ನಿಲ್ಲುತ್ತಿದ್ದವಳು ಒಂದು ದಿನ ಬಸ್ಸಿನಲ್ಲಿ ಸೀಟು ಹುಡುಕಿ ಕೂತಳು. ಗಂಡ ಕನ್ನಡಿಯಲ್ಲಿ ನೋಡಿದ. ಮರುದಿನ ಫ್ರಿಜ್ಜಿನ ಮೇಲೆ ಚೀಟಿ: 'ಶನಿವಾರ ನಾಲ್ಕು ಗಂಟೆಗೆ ಹೆಂಗಸರ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ.' ಅವಳು ಅದರ ಕೆಳಗೆ 'ಮುಂದಿನ ವಾರ' ಎಂದು ಬರೆದಳು. ಅವನು ಮತ್ತೆ ಹೆಸರು ಬರೆಸಿದ. ಅವಳು ಮತ್ತೆ 'ಮುಂದಿನ ವಾರ' ಎಂದಳು. ಮೂರನೆಯ ಸಲ ಅವನು ಬರೆದ: 'ಯಾವ ವಾರದ ಮುಂದಿನ ವಾರ?' ಅದಕ್ಕೆ ಅವಳು ಉತ್ತರ ಬರೆಯಲಿಲ್ಲ. ಬರೆಯಬಾರದೆಂದಲ್ಲ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಯಾವ ಶನಿವಾರವೂ ಬೆಂಚು ಖಾಲಿಯಿರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮಷೀನು ಹನ್ನೊಂದು ಪಾಯಿಂಟ್ ಎಂಟು ಎಂದಿತು.

ಅವಳು ಟ್ಯೂಬನ್ನು ಮೆಲ್ಲಗೆ ತಿರುವಿ ಮತ್ತೆ ಕೊಟ್ಟಳು. ಹನ್ನೊಂದು ಪಾಯಿಂಟ್ ಏಳು. ಕೊಳವೆ ತೊಳೆದು ಮೂರನೆಯ ಸಲ ಕೊಟ್ಟಳು. ಮತ್ತೆ ಅದೇ.

"ಮಷೀನಿಗೆ ಏನೋ ಆಗಿದೆ," ಎಂದಳು.

"ಮಷೀನಿಗೋ, ನಿಂಗೋ?" ಎಂದಳು ಬಾಗಿಲಲ್ಲಿ ನಿಂತ ಕೌಂಟರಮ್ಮ.

"ನಂಗೇನಾಗತ್ತೆ?"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಕೌಂಟರಮ್ಮ ನಕ್ಕಳು. ಆಕೆಗೆ ಗಾದೆಯೆಂದರೆ ಎಲೆ ಅಡಿಕೆಯ ಹಾಗೆ, ಬಾಯಿಗೆ ರುಚಿ ಅಷ್ಟೇ. ತಾನು ಏನು ಹೇಳಿದೆ ಎಂಬುದು ಆಕೆಗೂ ಗೊತ್ತಿರಲಿಲ್ಲ. ಇವಳೂ ನಕ್ಕಳು.

ಮಷೀನಿನ ಹೊಟ್ಟೆಯೊಳಗೆ ಒಂದು ಅಂಕಿಯಿರುತ್ತದೆ. ಅದನ್ನು ಏರಿಸಿದರೆ ಉತ್ತರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ, ಹಳೆಯ ರೇಡಿಯೊದ ಕಿವಿ ಹಿಂಡಿದ ಹಾಗೆ. ಅದನ್ನು ಮುಟ್ಟಬೇಕಾದವರು ಕಂಪನಿಯವರು. ಆದರೆ ಗುಟ್ಟಿನ ಸಂಖ್ಯೆ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಕಂಪನಿಯವನು ಒತ್ತುವಾಗ ನೋಡಿದ್ದಳು. ಹೊರಗೆ ಹನ್ನೆರಡು ಜನ, ಅದರಲ್ಲಿ ನಾಲ್ವರು ಬೆಳಗಿನಿಂದ ಏನೂ ತಿನ್ನದೆ ಕಾಯುತ್ತಿರುವವರು. ಅವಳು ಅಂಕಿಯನ್ನು ಒಂದಿಷ್ಟು ಏರಿಸಿ ತನ್ನ ರಕ್ತವನ್ನು ಮತ್ತೆ ಕೊಟ್ಟಳು. ಹನ್ನೆರಡೂವರೆ. "ಬಾಗಿಲು ತೆಗೀರಿ," ಎಂದು ಕೂಗಿದಳು.

ಆ ಹೊತ್ತಿನಲ್ಲಿ ಕೌಂಟರಮ್ಮನ ತೋಳನ್ನು ಒಂದು ಸಲ ಚುಚ್ಚಿ, ಆಕೆಯ ಹಳೆಯ ರಿಪೋರ್ಟಿಗೆ ತಾಳೆ ನೋಡಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ನೋಡಲಿಲ್ಲ. ಆರು ವರ್ಷ ಸರಿಯಾಗಿದ್ದವರಿಗೆ ತಾವು ತಪ್ಪಿರಬಹುದು ಎಂಬುದು ಹೊಳೆಯುವುದೇ ಇಲ್ಲ. ಒಂದೂವರೆ ತಿಂಗಳ ಮೇಲೆ ಅವಳ ರಕ್ತ ಮತ್ತೆ ಇಳಿಯಿತು, ಅವಳು ಮತ್ತೆ ಏರಿಸಿದಳು. ಮತ್ತೊಂದು ತಿಂಗಳಿಗೆ ಮೂರನೆಯ ಸಲ. "ಹಳೇ ಮಷೀನು, ಏನ್ಮಾಡೋದು," ಎಂದು ಅದರ ಬೆನ್ನು ತಟ್ಟಿದಳು. ಆ ದಿನ ಲ್ಯಾಬಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಿದ್ದಳು. ಅದು ಬಿಸಿಲಿನಿಂದ ಎಂದುಕೊಂಡಿದ್ದಳು.

ಮಗಳಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. ಕಡ್ಡಿಯಂಥ ಕಾಲು, ಆದರೆ ಆ ಕಾಲಿಗೆ ಎಂಟುನೂರು ಮೀಟರ್ ಓಟದಲ್ಲಿ ಶಾಲೆಯಲ್ಲಿ ಸರಿಸಾಟಿಯಿರಲಿಲ್ಲ. ಆ ವರ್ಷ ದೊಡ್ಡ ತಂಡಕ್ಕೆ ಆಯ್ಕೆ ಇತ್ತು. ಹುಡುಗಿ ಮೂರು ವರ್ಷದಿಂದ ಆ ಒಂದು ದಿನಕ್ಕಾಗಿ ಓಡುತ್ತಿದ್ದಳು. ಆದರೆ ಆಯ್ಕೆಗೆ ಎರಡು ತಿಂಗಳಿದೆ ಎನ್ನುವಾಗ ಹಿಂದೆ ಬೀಳತೊಡಗಿದಳು. ಶಾಲೆಯಿಂದ ಬಂದವಳು ಬೂಟನ್ನೂ ಬಿಚ್ಚದೆ ಸೋಫಾದ ಮೇಲೆ ಬೀಳುವಳು. ಬೆಳಿಗ್ಗೆ ಅಮ್ಮ ಇಟ್ಟು ಹೋದ ಮೊಟ್ಟೆ, ಬ್ರೆಡ್ಡು ಹಾಗೇ ತಟ್ಟೆಯಲ್ಲಿ ಒಣಗಿರುತ್ತಿತ್ತು.

"ಅಮ್ಮ, ಸುಸ್ತಾಗತ್ತೆ. ಎರಡನೇ ಸುತ್ತಿಗೇ ಕಣ್ಣು ಕತ್ತಲೆ ಬರತ್ತೆ."

"ರಾತ್ರಿಯೆಲ್ಲ ಫೋನ್ ನೋಡಿದ್ರೆ ಕತ್ತಲೆ ಬರ್ದೆ ಬೆಳಕು ಬರತ್ತಾ?"

ಓಟದ ಮೇಷ್ಟ್ರು ಚೀಟಿ ಕಳಿಸಿದರು: ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ತನ್ನಿ. ಸರಿ, ಒಂದು ಭಾನುವಾರ ಬೆಳಿಗ್ಗೆ ಅವಳು ಮಗಳನ್ನು ಲ್ಯಾಬಿಗೇ ಕರೆದುಕೊಂಡು ಹೋದಳು. ಮಗಳ ತೋಳಿಗೆ ಪಟ್ಟಿ ಕಟ್ಟಿ, ನೋವಾಗದ ಹಾಗೆ ಚುಚ್ಚಿದಳು. ಆ ಕೈಚಳಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಮಷೀನು ಹನ್ನೆರಡು ಪಾಯಿಂಟ್ ಒಂದು ಎಂದಿತು. ಹನ್ನೆರಡರ ಮೇಲಿದ್ದರೆ ಸಾಕು ಹುಡುಗಿಗೆ. ಅವಳು ರಿಪೋರ್ಟು ತೆಗೆದು ಲ್ಯಾಬಿನ ಮೊಹರು ಒತ್ತಿ ಮಗಳ ಕೈಗೆ ಕೊಟ್ಟಳು.

"ನೋಡು. ನಿನ್ ಮೈಯಲ್ಲಿ ರಕ್ತಕ್ಕೇನೂ ಬರ ಇಲ್ಲ. ಮನಸ್ಸಿಗೆ ಬಂದಿದೆ ಬರ."

ಹುಡುಗಿ ಕಾಗದವನ್ನು ಎರಡು ಸಲ ಓದಿದಳು. "ಆದ್ರೆ ನಂಗೆ ನಿಜವಾಗ್ಲೂ ಆಗತ್ತಮ್ಮ."

"ಮಷೀನು ಸುಳ್ಳು ಹೇಳಲ್ಲ ಗುಬ್ಬಿ."

ಮೇಷ್ಟ್ರು ರಿಪೋರ್ಟು ನೋಡಿದರು. ಮೈ ಚೆನ್ನಾಗಿದ್ದೂ ಓಡದವಳಿಗೆ ಮನಸ್ಸಿಲ್ಲ ಎಂದೇ ಅರ್ಥ ಎಂದರು. ಹುಡುಗಿ ಇನ್ನೂ ಎರಡು ವಾರ ಹಲ್ಲು ಕಚ್ಚಿ ಓಡಿದಳು, ಒಮ್ಮೆ ಮೈದಾನದಲ್ಲೇ ವಾಂತಿ ಮಾಡಿಕೊಂಡಳು. ಆಯ್ಕೆಯ ದಿನ ಮನೆಯಿಂದ ಹೊರಡಲೇ ಇಲ್ಲ. ಅಂದು ಅವಳು ಹೇಳಿದ್ದು ಒಂದೇ ಮಾತು: "ಎಲ್ರ ರಕ್ತನೂ ನೋಡ್ತೀಯ, ನಮ್ ಮುಖ ನೋಡಕ್ಕೆ ಮಾತ್ರ ನಿಂಗೆ ಟೈಮಿಲ್ಲ." ಆಮೇಲೆ ಅಮ್ಮನೊಡನೆ ಮಾತು ಬಿಟ್ಟಳು. ಕೂಗಾಟವಿಲ್ಲ, ಬಾಗಿಲು ಬಡಿಯುವುದಿಲ್ಲ. ಬೇಕಾದದ್ದನ್ನು ಫ್ರಿಜ್ಜಿನ ಮೇಲೆ ಬರೆಯುವಳು. ಅದು ಆ ಮನೆಯಲ್ಲಿ ಕಲಿತ ವಿದ್ಯೆ.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನನ್ ಬಗ್ಗೇನೇ ಗಾದೆ ಮಾಡಿರೋದು," ಎಂದಳು ಅವಳು ಬಸ್ಸಿನಲ್ಲಿ, ಗಂಡನ ಹಿಂದಿನ ಸೀಟಿನಲ್ಲಿ ಕೂತು.

"ಅವಳ ವಿಷಯ ಆಮೇಲೆ ನೋಡಣ. ನಿನ್ ಕೆನ್ನೆ ಯಾಕೆ ಸುಣ್ಣ ಬಳಿದಂಗಿದೆ?"

"ಹನ್ನೆರಡೂವರೆ ಇದೆ ಕಣ್ರೀ. ಇವತ್ತೂ ನೋಡ್ತೀನಿ, ದಿನಾ ನೋಡ್ತೀನಿ. ಈ ಊರಲ್ಲಿ ದಿನಾ ರಕ್ತ ಪರೀಕ್ಷೆ ಮಾಡಿಸ್ಕೊಳ್ಳೋಳು ನಾನೊಬ್ಳೇ."

ಅಂಕಿಯ ಮುಂದೆ ಯಾರು ಏನು ಹೇಳಿಯಾರು. ಅವನು ಗೇರು ಬದಲಿಸಿದ.

ಆ ವಾರವೇ ಮಷೀನಿನ ಮೇಲೆ ದೂರು ಬಂತು. ಎದುರು ಬೀದಿಯ ಡಾಕ್ಟರು ಫೋನು ಮಾಡಿ, "ಏನಮ್ಮ ಕೌಂಟರಮ್ಮ, ನಿಮ್ಮಲ್ಲಿಗೆ ಬಂದ ಗಂಡಸರಿಗೆಲ್ಲ ಹದಿನೆಂಟು ಹಿಮೋಗ್ಲೋಬಿನ್ನು! ಏನು ಮೆಟ್ಟಿಲ ಮೇಲೆ ಕಬ್ಬಿಣ ತಿನ್ನಿಸಿ ಕಳಿಸ್ತೀರಾ?" ಎಂದರು. ಕೌಂಟರಮ್ಮ ನಕ್ಕು ಯಜಮಾನರಿಗೆ ಹೇಳಿದಳು. ಯಜಮಾನರು ನಗಲಿಲ್ಲ, ಕಂಪನಿಗೆ ಫೋನು ಮಾಡಿದರು.

ಮೂರು ದಿನಕ್ಕೆ ಕಂಪನಿಯ ಮೆಕ್ಯಾನಿಕ್ಕು ಬಂದ. ಕೈಯಲ್ಲೊಂದು ಪೆಟ್ಟಿಗೆ, ಹೆಗಲಿಗೆ ಐಸಿನ ಡಬ್ಬ. ಮಿತಭಾಷಿ. ಬೆಳಿಗ್ಗೆ ಹನ್ನೊಂದಕ್ಕೆ ಮಷೀನಿನ ಬೆನ್ನು ಬಿಚ್ಚಿ, ಕೊಳವೆಗಳನ್ನು ನೋಡಿ, ಮುಚ್ಚಿದ. ಡಬ್ಬದಿಂದ ಶೀಶೆ ತೆಗೆದು ಮಷೀನಿಗೆ ಕೊಟ್ಟ. ಬಂದ ಉತ್ತರ ನೋಡಿ ಹುಬ್ಬು ಗಂಟಿಕ್ಕಿದ. ಇನ್ನೊಂದು ಶೀಶೆ ಕೊಟ್ಟ. ಆಮೇಲೆ ಪರದೆಯ ಮೇಲೆ ಏನೇನೋ ಒತ್ತಿ ಆ ಅಂಕಿಯ ಪುಟಕ್ಕೆ ಹೋದ.

"ಮೇಡಂ, ಇದನ್ನ ಯಾರು ಬದಲಾಯಿಸಿದ್ದು?"

"ನಾನೇ. ಕಡಿಮೆ ತೋರಿಸ್ತಿತ್ತು."

"ಮೂರು ಸಲ ಏರಿಸಿದೀರಿ. ಯಾವ ಶೀಶೆ ಇಟ್ಕೊಂಡು ಏರಿಸಿದ್ರಿ?"

ಅವಳು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ಕೌಂಟರಮ್ಮ ಹೇಳಿದಳು, "ಶೀಶೆ ಎಲ್ಲಿ ಬಂತಪ್ಪ ಇಲ್ಲಿ. ಅವಳೇ ಶೀಶೆ."

ಮೆಕ್ಯಾನಿಕ್ಕು ಅವಳ ಮುಖ ನೋಡಿದ. ಆಮೇಲೆ ಅವಳ ಎಡಗೈಯ ಮಡಿಕೆಯಲ್ಲಿದ್ದ ಹತ್ತಿಯ ಉಂಡೆ ನೋಡಿದ. ಅಂಕಿಯನ್ನು ಮೊದಲಿದ್ದಲ್ಲಿಗೆ ತಂದು ಶೀಶೆಯನ್ನು ಮತ್ತೆ ಕೊಟ್ಟ. ಶೀಶೆಯ ಮೇಲೆ ಬರೆದಿದ್ದ ಉತ್ತರವನ್ನೇ ಮಷೀನು ಚಾಚೂ ತಪ್ಪದೆ ಹೇಳಿತು.

"ಮಷೀನು ಸರಿಯಾಗೇ ಇತ್ತು ಮೇಡಂ," ಎಂದ. "ಒಂದು ದಿನವೂ ಕೆಟ್ಟಿರ್ಲಿಲ್ಲ."

ಬೆಳಿಗ್ಗೆ ತೆಗೆದ ಅವಳ ಟ್ಯೂಬು ಇನ್ನೂ ಅಲ್ಲೇ ಸ್ಟ್ಯಾಂಡಿನಲ್ಲಿತ್ತು. ಯಾರೂ ಹೇಳಲಿಲ್ಲ, ಅವಳೇ ತೆಗೆದು ಮೆಲ್ಲಗೆ ತಿರುವಿ ಮಷೀನಿಗೆ ಕೊಟ್ಟಳು. ಆ ಒಂದು ನಿಮಿಷ ಮೂವರೂ ಮಷೀನಿನ ಗುರ್ರೆನ್ನುವ ಸದ್ದು ಕೇಳುತ್ತ ನಿಂತರು. ಒಂಬತ್ತು ಪಾಯಿಂಟ್ ಒಂದು.

ಕೌಂಟರಮ್ಮನ ಬಾಯಿಗೆ ಮೊದಲ ಸಲ ಬೀಗ ಬಿತ್ತು. ಮೆಕ್ಯಾನಿಕ್ಕು ಪೆಟ್ಟಿಗೆಗೆ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಇಡುತ್ತ, "ದಿನಾ ತೆಗೀತಿದ್ರಾ? ಎಷ್ಟು ವರ್ಷ?" ಎಂದ. ಆರು ಎಂದಳು. ಅವನು ತಲೆ ಎತ್ತಲಿಲ್ಲ. "ಡಾಕ್ಟ್ರಿಗೆ ತೋರಿಸಿ ಮೇಡಂ. ಇದನ್ನ ಸರಿ ಮಾಡೋ ಸಾಮಾನು ನನ್ನ ಹತ್ರ ಇಲ್ಲ."

ಅವಳಿಗೆ ತನ್ನ ಒಂಬತ್ತರ ಚಿಂತೆ ಆಗ ಬರಲಿಲ್ಲ. ಮೇಜಿನ ಮೇಲಿದ್ದ ಹಳೆಯ ರಿಪೋರ್ಟಿನ ಹಿಂಬದಿಗೆ ಪೆನ್ನು ಹಿಡಿದು ಒಂದು ಭಾಗಾಕಾರ ಹಾಕಿದಳು. ಹನ್ನೆರಡು ಪಾಯಿಂಟ್ ಒಂದನ್ನು, ಆ ಭಾನುವಾರದ ಹೊತ್ತಿಗೆ ತಾನು ಏರಿಸಿದ್ದಷ್ಟರಿಂದ ಭಾಗಿಸಿದಳು. ಅದನ್ನು ಹೊಡೆದುಹಾಕಿ ಇನ್ನೊಂದು ಸಲ ಮಾಡಿದಳು. ಎರಡು ಸಲವೂ ಒಂಬತ್ತು ಪಾಯಿಂಟ್ ಏಳು ಬಂತು. ಅಷ್ಟು ರಕ್ತ ಇಟ್ಟುಕೊಂಡು ಹುಡುಗಿ ಎರಡು ವಾರ ಮೈದಾನದಲ್ಲಿ ಓಡಿದ್ದಳು, ಅಮ್ಮನ ಮೊಹರಿಗೆ ಹೆದರಿ.

ಯಜಮಾನರ ಫೋನು ಬಂತು. ನಾಲ್ಕು ತಿಂಗಳಲ್ಲಿ ಬಂದವರನ್ನೆಲ್ಲ ಕರೆದು ಮತ್ತೆ ಪರೀಕ್ಷೆ ಮಾಡಬೇಕು. "ಮಷೀನು ಕೆಟ್ಟಿತ್ತು ಅಂತ ಹೇಳಿ, ಅಷ್ಟೇ. ನಿನ್ನ ವಿಷಯ ಯಾರಿಗೂ ಗೊತ್ತಾಗೋದು ಬೇಡ. ನಿನಗೂ ಒಳ್ಳೇದು, ನನಗೂ ಒಳ್ಳೇದು." ಅವಳು ಹೂಂ ಎಂದಳು, ಊಹೂಂ ಎಂದಳು, ಏನೆಂದಳೋ ಅವಳಿಗೇ ತಿಳಿಯಲಿಲ್ಲ. ಕೌಂಟರಮ್ಮ ಹೆಸರುಗಳ ಪಟ್ಟಿ ತೆಗೆದು ಮೊದಲ ಫೋನು ಮಾಡತೊಡಗಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಅವಳು ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿ ಮೆಟ್ಟಿಲಿಳಿದಳು.

ಹೊತ್ತಲ್ಲದ ಹೊತ್ತಿನಲ್ಲಿ ಹೆಂಡತಿ ಬಸ್ಸು ಹತ್ತಿದ್ದನ್ನು ಕಂಡು ಗಂಡನ ಕಣ್ಣು ಕನ್ನಡಿಯಲ್ಲೇ ನಿಂತಿತು. ಅವಳು ಅವನ ಹಿಂದೆ ಕಂಬಿ ಹಿಡಿದು ನಿಂತು, ಎಲ್ಲವನ್ನೂ ಅವನ ಬೆನ್ನಿಗೆ ಹೇಳಿದಳು. ಮಷೀನು, ಶೀಶೆ, ಒಂಬತ್ತು, ಮಗಳ ಒಂಬತ್ತು. ಅವನು ಎರಡು ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ, ಹೊರಡಿಸಿದ.

"ಡೀಸೆಲ್ ಮುಳ್ಳು ಕೆಳಗಿಳೀತು ಅಂತ ಕೈಯಲ್ಲಿ ಎತ್ತಿ ಮೇಲಿಟ್ರೆ ಬಸ್ಸು ಓಡತ್ತೇನೇ?" ಎಂದ ಕೊನೆಗೆ. "ನಾನು ಕನ್ನಡಿಯಲ್ಲಿ ನೋಡ್ತಾನೇ ಇದ್ದೆ. ನೋಡ್ತಾ ನೋಡ್ತಾ ಬಸ್ ಓಡಿಸ್ತಿದ್ದೆ. ಇಳಿದು ನಿನ್ ಕೈ ಹಿಡ್ಕೊಂಡು ಹೋಗ್ಬೇಕಿತ್ತು."

"ನಾನು ಬರ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಬಿಟ್ಟೆ. ಅದೇ ತಪ್ಪು." ಹಿಂದಿನ ಸೀಟಿನ ಮುದುಕನೊಬ್ಬ ಬೋರ್ಡು ತೋರಿಸಿ, ಡ್ರೈವರ್ ಹತ್ರ ಮಾತಾಡ್ಬೇಡಿ ಎಂದು ಗದರಿದ.

ಮಗಳು ಶಾಲೆಗೆ ಹೋಗಿರಲಿಲ್ಲ. ಸೋಫಾದ ಮೇಲೆ ಮುದುಡಿ ಮಲಗಿದ್ದಳು. ಓಡುವ ಬೂಟು ಬಾಗಿಲ ಹಿಂದೆ ಧೂಳು ಹಿಡಿದು ಕೂತಿತ್ತು. ಅವಳು ಪಕ್ಕದಲ್ಲಿ ಮಂಡಿಯೂರಿ ಮಗಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ ನೋಡಿದಳು. ಒಳಗೆ ಕೆಂಪಿರಲಿಲ್ಲ. ಮಷೀನು ಬೇಡ, ಶೀಶೆ ಬೇಡ. ಎಂಥ ದಡ್ಡರಿಗೂ ಕಾಣುವಂತೆ ಕಾಗದದ ಬಿಳುಪು. ಎರಡು ತಿಂಗಳಿಂದ ಒಂದೇ ಸೂರಿನಡಿ ಇದ್ದೂ ಅವಳು ಆ ಕಣ್ಣನ್ನು ನೋಡಿರಲಿಲ್ಲ.

ಹುಡುಗಿ ಬೆಚ್ಚಿ ಎದ್ದು ಕೂತಳು. "ಏನು?"

"ಗುಬ್ಬಿ, ನಿನ್ ರಿಪೋರ್ಟು ತಪ್ಪು. ನಿಂಗೆ ನಿಜವಾಗ್ಲೂ ರಕ್ತ ಇಲ್ಲ. ನೀನು ಹೇಳಿದ್ದೇ ಸರಿ."

ಹುಡುಗಿ ಅಮ್ಮನ ಕಡೆ ತಿರುಗಿದಳು. "ಮಷೀನ್ ಕೆಟ್ಟಿತ್ತಾ?"

ಉತ್ತರ ನಾಲಗೆಯ ತುದಿಗೇ ಬಂದಿತ್ತು. ಯಜಮಾನರು ಕೊಟ್ಟ ಉತ್ತರ, ಯಾರಿಗೂ ನೋವಾಗದ್ದು. ಅದನ್ನು ಹೇಳಿದ್ದರೆ ಹುಡುಗಿ ಆ ಸಂಜೆಯೇ ಅಮ್ಮನೊಡನೆ ಮಾತಾಡುತ್ತಿದ್ದಳೇನೋ.

"ಇಲ್ಲ," ಎಂದಳು. "ಮಷೀನು ಸರಿ ಇತ್ತು. ನಾನು ಕೆಟ್ಟಿದ್ದೆ. ನಂಗೆ ರಕ್ತ ಕಡಿಮೆ ಆಗಿತ್ತು, ನಾನು ಒಪ್ಪದೆ ಮಷೀನನ್ನೇ ತಿದ್ದಿದೆ. ಅದ್ರಲ್ಲಿ ನಿನ್ ರಕ್ತ ನೋಡ್ದೆ."

ಹುಡುಗಿ ಕಾಲು ಮಡಚಿ ಕೂತಳು. "ನಂಗೆ ಗೊತ್ತಿತ್ತು ಸುಸ್ತು ನಿಜ ಅಂತ. ನೀನು ಆ ಕಾಗದ ಕೊಟ್ಮೇಲೆ, ನಾನೇ ನಾಟಕ ಆಡ್ತಿದೀನಿ ಅಂದ್ಕೊಂಡೆ. ದಿನಾ ನನ್ನನ್ನ ನಾನೇ ಬೈಕೋತಿದ್ದೆ." ಅಷ್ಟು ಹೇಳಿ ಅತ್ತಳು. ಅಮ್ಮ ಅಪ್ಪಿಕೊಳ್ಳಲು ಹೋದಳು. ಹುಡುಗಿ ಮೊಣಕಾಲನ್ನು ಅಡ್ಡ ತಂದಳು.

ಆಗ ಅವಳು ಮಾಡಬಾರದ್ದನ್ನು ಮಾಡಿದಳು. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಚೀಲದಿಂದ ರಬ್ಬರ್ ಪಟ್ಟಿ, ಸೂಜಿ, ನೇರಳೆ ಮುಚ್ಚಳದ ಟ್ಯೂಬು ತೆಗೆದು, "ಇಲ್ಲೇ ತೆಗೆದುಬಿಡ್ತೀನಿ, ಮತ್ತೆ ನೋಡಣ," ಎಂದು ಮಗಳ ತೋಳು ಹಿಡಿದಳು.

ಹುಡುಗಿ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. "ನೀನು ಬೇಡ. ಬೇರೆ ಯಾರಾದ್ರೂ ನೋಡ್ಲಿ."

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವಳ ಕೈಯನ್ನು ಬೇಡವೆಂದವರು ಯಾರೂ ಇರಲಿಲ್ಲ. ಕೂಗುವ ಮಕ್ಕಳೂ ಅವಳ ಮುಂದೆ ತೋಳು ಚಾಚುತ್ತಿದ್ದವು. ಅವಳು ಸೂಜಿಯನ್ನು ಅದರ ಕವಚದಲ್ಲಿಟ್ಟು, ಪಟ್ಟಿಯನ್ನು ಸುತ್ತಿ, ಎಲ್ಲವನ್ನೂ ಚೀಲಕ್ಕೆ ಹಾಕಿದಳು. ಹೊರಡುವ ಮೊದಲು ಕೌಂಟರಮ್ಮನಿಗೆ ಫೋನು ಮಾಡಿ, ಪಟ್ಟಿಯಲ್ಲಿರುವವರಿಗೆಲ್ಲ ಮಷೀನು ಕೆಟ್ಟಿತ್ತು ಎನ್ನಬೇಡಿ, ತಪ್ಪು ನನ್ನದು ಎನ್ನಿ ಎಂದಳು. "ಕೆಲಸ ಹೋಗತ್ತೇ ನಿಂಗೆ," ಎಂದಳು ಆಕೆ. ಹೋಗಲಿ ಎಂದಳು.

ನಾಲ್ಕು ಬೀದಿ ಆಚೆ ಇನ್ನೊಂದು ಲ್ಯಾಬಿತ್ತು. ಅದೂ ಮೊದಲ ಮಹಡಿಯಲ್ಲಿ. ಮೆಟ್ಟಿಲ ನಡುವೆ ಅವಳು ಉಸಿರಿಗೆ ನಿಂತಳು. ನಾಲ್ಕು ಮೆಟ್ಟಿಲು ಮುಂದಿದ್ದ ಮಗಳೂ ಗೋಡೆ ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಮತ್ತೆ ಹತ್ತಿದರು. ಒಳಗೆ ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಯಾರು ಮೊದ್ಲು?" ಎಂದು ಕೇಳಿದ ಅಲ್ಲಿನವನು.

"ಅಮ್ಮ ಮೊದ್ಲು," ಎಂದಳು ಮಗಳು ಮುಖ ತಿರುಗಿಸದೆ. "ಆಮೇಲೆ ಅಂದ್ರೆ ಮುಂದಿನ ವಾರ ಅಂತಾಳೆ."

ಅವಳು ಕುರ್ಚಿಯಲ್ಲಿ ಕೂತು ಅಭ್ಯಾಸಬಲದಿಂದ ಎಡಗೈ ಚಾಚಿದಳು. ಅವನು ಮಡಿಕೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ ತಲೆಯಾಡಿಸಿದ. "ಇದ್ರಲ್ಲಿ ಸಿಗಲ್ಲ ಮೇಡಂ, ನರ ಕಲ್ಲಾಗಿದೆ. ಯಾರು ಹಿಂಗೆ ಚುಚ್ಚಿದ್ದು? ಆ ಕೈ ಕೊಡಿ."

ಬಲಗೈಯನ್ನು ಅವಳು ಎಂದೂ ಯಾರಿಗೂ ಕೊಟ್ಟಿರಲಿಲ್ಲ. ಅದು ಚುಚ್ಚುವ ಕೈ. ಬಟ್ಟೆಯ ತೋಳನ್ನು ಮೇಲಕ್ಕೆ ಮಡಚಿ ಕೈ ಕೊಟ್ಟಳು. ಅವನು ಪಟ್ಟಿ ಬಿಗಿದು, ಟ್ಯೂಬಿನ ಮೇಲೆ ಬರೆಯಲು ಪೆನ್ನು ತೆಗೆದು, "ಹೆಸರು?" ಎಂದ.

ಅವಳ ಬಾಯಿಗೆ ಬಂದದ್ದು ಹನ್ನೆರಡೂವರೆ. ಅದು ಈಗ ಸುಳ್ಳು. ಬೇರೆ ಯಾವುದೂ ಆ ಕ್ಷಣಕ್ಕೆ ನೆನಪಾಗದೆ ಅವಳು ಪೆನ್ನಿನ ತುದಿಯನ್ನೇ ನೋಡುತ್ತ ಕೂತಳು. ಬೆಂಚಿನ ಮೇಲಿಂದ ಮಗಳೇ ಅವಳ ಹೆಸರು ಹೇಳಿದಳು, ವಯಸ್ಸನ್ನೂ ಹೇಳಿದಳು. ಅವನು ಬರೆದುಕೊಂಡ.